ಬ್ಯಾಕ್ಟೀರಿಯಾಕ್ಕೂ ಒಂದಿಷ್ಟು ನೆನಪು

ನಮ್ಮ ಕರುಳಿನಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾದ ಉದ್ದ ಸುಮಾರು 2 ಮೈಕ್ರೊಮೀಟರ್. ಐನೂರನ್ನು ಸಾಲಾಗಿ ಮಲಗಿಸಿದರೂ ಒಂದು ರಾಗಿ ಕಾಳು ದಾಟುವುದಿಲ್ಲ. ಅದಕ್ಕೆ ಮೆದುಳಿಲ್ಲ, ಕಣ್ಣಿಲ್ಲ. ಆದರೂ ಆಹಾರ ಜಾಸ್ತಿ ಇರುವ ಕಡೆಗೇ ಈಜಿಕೊಂಡು ಹೋಗುತ್ತದೆ.

ಮೊದಲು ಅದರ ಈಜು ನೋಡಿ. ಮೈಮೇಲೆ ನಾಲ್ಕಾರು ಉದ್ದನೆಯ ಎಳೆಗಳು, ಪ್ರತಿಯೊಂದರ ಬುಡದಲ್ಲೂ ಒಂದು ಪುಟ್ಟ ಮೋಟಾರು. ಎಲ್ಲವೂ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿದರೆ ಎಳೆಗಳು ಜಡೆಯಂತೆ ಕೂಡಿಕೊಂಡು ಹಿಂದಿನಿಂದ ತಳ್ಳುತ್ತವೆ. ನೇರ ಓಟ. ಮೋಟಾರು ಉಲ್ಟಾ ತಿರುಗಿತೋ, ಜಡೆ ಬಿಚ್ಚಿ ಬ್ಯಾಕ್ಟೀರಿಯಾ ಪಲ್ಟಿ ಹೊಡೆಯುತ್ತದೆ. ಆಮೇಲೆ ಮುಖ ಎತ್ತ ತಿರುಗಿದೆಯೋ ಅತ್ತ ಓಟ. ಓಟ ಸುಮಾರು 1 ಸೆಕೆಂಡು, ಪಲ್ಟಿ ಅದರ ಹತ್ತನೇ ಒಂದು ಭಾಗ. ಸ್ಟೀರಿಂಗ್ ಅಂತ ಏನೂ ಇಲ್ಲ. ಈಗಲೇ ಪಲ್ಟಿ ಹೊಡೆಯಬೇಕಾ, ಸ್ವಲ್ಪ ತಡೆಯಬೇಕಾ? ತೀರ್ಮಾನ ಅಷ್ಟೇ. ಆಹಾರ ಹೆಚ್ಚುತ್ತಿದ್ದರೆ ಪಲ್ಟಿ ತಡೆದು ಅದೇ ದಿಕ್ಕಿನಲ್ಲಿ ಓಡುತ್ತದೆ.

ಆಹಾರ ಹೆಚ್ಚುತ್ತಿದೆ ಅಂತ ಗೊತ್ತಾಗುವುದು ಹೇಗೆ? ತಲೆಯ ಕಡೆ ಎಷ್ಟಿದೆ, ಬಾಲದ ಕಡೆ ಎಷ್ಟಿದೆ ಅಂತ ಹೋಲಿಸುತ್ತದಾ? 1972ರಲ್ಲಿ ಮ್ಯಾಕ್‌ನಾಬ್ ಮತ್ತು ಕೋಶ್‌ಲ್ಯಾಂಡ್ ಎಂಬ ವಿಜ್ಞಾನಿಗಳು ಇದಕ್ಕೊಂದು ಚಂದದ ಪ್ರಯೋಗ ಮಾಡಿದರು. ಇ. ಕೋಲಿಯ ಹತ್ತಿರದ ನೆಂಟ ಸಾಲ್ಮೊನೆಲ್ಲಾ ಈಜುತ್ತಿದ್ದ ದ್ರವಕ್ಕೆ, ಅದಕ್ಕೆ ಇಷ್ಟವಾದ ಸೆರಿನ್ ಎಂಬ ಅಮೈನೊ ಆಮ್ಲವನ್ನು ಥಟ್ಟನೆ ಬೆರೆಸಿಬಿಟ್ಟರು. ಈಗ ಎಲ್ಲ ಕಡೆಯೂ ಸೆರಿನ್ ಒಂದೇ ಸಮ. ತಲೆಗೂ ಬಾಲಕ್ಕೂ ವ್ಯತ್ಯಾಸವೇ ಇಲ್ಲ. ಆದರೂ ಬ್ಯಾಕ್ಟೀರಿಯಾಗಳು ಪಲ್ಟಿ ಬಿಟ್ಟು ನೇರ ಓಡತೊಡಗಿದವು! ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಹಳೇ ಚಾಳಿ. ಅಂದರೆ ಅವು ಹೋಲಿಸುತ್ತಿದ್ದುದು ಇಲ್ಲಿಗೂ ಅಲ್ಲಿಗೂ ಅಲ್ಲ, ಈಗಿಗೂ ಆಗಿಗೂ. ಹಾಗೆ ಹೋಲಿಸಬೇಕೆಂದರೆ ನೆನಪು ಬೇಕಲ್ವಾ?

ಆ ನೆನಪು ಇರುವುದು ರುಚಿ ನೋಡುವ ಪ್ರೋಟೀನುಗಳ ಮೇಲೆಯೇ. ಆಹಾರದ ಕಣ ಬಂದು ಕೂತಾಗ ಈ ಪ್ರೋಟೀನುಗಳು ಮೋಟಾರಿಗೆ ಹೋಗುವ 'ಪಲ್ಟಿ ಹೊಡಿ' ಸಂದೇಶವನ್ನು ಕಡಿಮೆ ಮಾಡುತ್ತವೆ. ಇದು ಕ್ಷಣದಲ್ಲಿ ಆಗುವ ಕೆಲಸ. ಇತ್ತ ಒಂದು ಕಿಣ್ವ ನಿಧಾನವಾಗಿ ಅದೇ ಪ್ರೋಟೀನುಗಳಿಗೆ ಮೀಥೈಲ್ ಎಂಬ ಪುಟ್ಟ ಗುರುತು ಅಂಟಿಸುತ್ತಾ ಹೋಗುತ್ತದೆ, ಇನ್ನೊಂದು ಕಿಣ್ವ ಅದನ್ನು ಕೀಳುತ್ತದೆ. ಗುರುತು ಹೆಚ್ಚಿದಷ್ಟೂ ಸಂದೇಶ ಮೊದಲಿನ ಮಟ್ಟಕ್ಕೆ ಮರಳುತ್ತದೆ. ಊದುಬತ್ತಿ ಹಚ್ಚಿದ ಕೋಣೆಯಲ್ಲಿ ಕೂತು ಹತ್ತು ನಿಮಿಷವಾದರೆ ನಮಗೆ ವಾಸನೆಯೇ ಗೊತ್ತಾಗುವುದಿಲ್ಲ, ಹೆಚ್ಚುಕಡಿಮೆ ಹಾಗೆ. ಗುರುತು ನಿಧಾನವಾಗಿ ಬದಲಾಗುವುದರಿಂದ ಅದರಲ್ಲಿ ಉಳಿದಿರುವುದು ಸ್ವಲ್ಪ ಹಿಂದಿನ ಲೆಕ್ಕ, ಅದೇ ನೆನಪು. ಕಳೆದ 1 ಸೆಕೆಂಡಿನ ಲೆಕ್ಕವನ್ನು ಅದಕ್ಕೂ ಹಿಂದಿನ ಸುಮಾರು 3 ಸೆಕೆಂಡುಗಳ ಲೆಕ್ಕದ ಜೊತೆ ತೂಗಿ ನೋಡುತ್ತದೆ ಇ. ಕೋಲಿ.

ಇದನ್ನು ಕಂಪ್ಯೂಟರ್ ಅನ್ನುವುದು ವಾಡಿಕೆ. ನನಗೆ ಅರ್ಧ ಮಾತ್ರ ಒಪ್ಪಿಗೆ. ನಮ್ಮ ಕಂಪ್ಯೂಟರಿನಲ್ಲಿ ಮೆಮೊರಿ ಬೇರೆ, ಲೆಕ್ಕ ಮಾಡುವ ಚಿಪ್ ಬೇರೆ. ಇಲ್ಲಿ ನಾಲಿಗೆ, ನೆನಪು, ಲೆಕ್ಕ ಎಲ್ಲ ಒಂದೇ ಪ್ರೋಟೀನಿನಲ್ಲಿ. ಇನ್ನೊಂದು ತಮಾಷೆ, ಫೋನು ನಿಧಾನವಾದರೆ ನಾವು ಬೈಯುತ್ತೇವೆ. ಆದರೆ ಆ ಮೀಥೈಲ್ ಗುರುತು ಸಂದೇಶದಷ್ಟೇ ಬೇಗ ಬೀಳುವಂತಿದ್ದರೆ, ಈಗಿಗೂ ಆಗಿಗೂ ವ್ಯತ್ಯಾಸವೇ ಸಿಗುತ್ತಿರಲಿಲ್ಲ. ಆಹಾರದ ಪಕ್ಕದಲ್ಲೇ ಇದ್ದರೂ ಇ. ಕೋಲಿ ಸುಮ್ನೆ ಅಡ್ಡಾದಿಡ್ಡಿ ಪಲ್ಟಿ ಹೊಡೆದುಕೊಂಡು ಇರುತ್ತಿತ್ತು.