ತಿರುಗಿ ಬಾರಿಸು ಅಂತ ಮಗನಿಗೆ ಹೇಳಬೇಕಾ?

ಪ್ರಶ್ನೆ: ಟೀಚರೇ, ಮಗ ಏಳನೇ ಕ್ಲಾಸು. ಸುರತ್ಕಲ್‌ನಿಂದ ಮಂಗಳೂರಿಗೆ ಬಸ್ಸಲ್ಲಿ ಹೋಗಿಬರ್ತಾನೆ. ಹಿಂದಿನ ಸೀಟಿನ ಹೈಸ್ಕೂಲು ಹುಡುಗರು ದಿನಾ ಕಾಟ ಕೊಡ್ತಾರೆ. "ಒಂದು ಸಲ ಸರೀ ಬಾರಿಸು, ಮತ್ತೆ ನಿನ್ನ ಸುದ್ದಿಗೆ ಬರೋದಿಲ್ಲ" ಅಂತಾರೆ ಇವರು. ಹೌದಾ?

ಶಾಲೆ ಶುರುವಾಗಿ ಮಳೆ ಹಿಡಿಯಿತು ಅಂದರೆ ಈ ಪ್ರಶ್ನೆ ಬಂತು ಅಂತಲೇ ಲೆಕ್ಕ. ಊರು ಮಾತ್ರ ಬೇರೆ. ಒಮ್ಮೆ ಕಾಪು, ಒಮ್ಮೆ ಬ್ರಹ್ಮಾವರ, ಒಮ್ಮೆ ಬಿ.ಸಿ. ರೋಡ್. "ಇವರು" ಹೇಳುವ ಮಾತಿನಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ.

ಪೆಟ್ಟು ಬೀಳುತ್ತಿರುವಾಗ ಕೈ ಅಡ್ಡ ಹಿಡಿಯಲಿ, ತಳ್ಳಿ ತಪ್ಪಿಸಿಕೊಳ್ಳಲಿ, ಜೋರಾಗಿ ಕೂಗಲಿ. ಅದರಲ್ಲಿ ತಪ್ಪೇನೂ ಇಲ್ಲ. ಭಾರತೀಯ ನ್ಯಾಯ ಸಂಹಿತೆಯೂ 34ರಿಂದ 44ರವರೆಗಿನ ಕಲಂಗಳಲ್ಲಿ ಆತ್ಮರಕ್ಷಣೆಯ ಹಕ್ಕು ಕೊಟ್ಟಿದೆ. ಆದರೆ ತಪ್ಪಿಸಿಕೊಳ್ಳಲು ಎಷ್ಟು ಬೇಕೋ ಅಷ್ಟಕ್ಕೆ ಮಾತ್ರ. ಮರುದಿನ ಸ್ಟಾಪಿನಲ್ಲಿ ಕಾದು ನಿಂತು ಹೊಡೆಯುವುದು ರಕ್ಷಣೆ ಅಲ್ಲ, ಸೇಡು. ಇಷ್ಟು ಎಲ್ಲರಿಗೂ ಗೊತ್ತಿರುವುದೇ.

ಹೋಗದೇ ಇರುವುದು ಆ "ಒಂದು ಸಲ ಬಾರಿಸು" ಅನ್ನುವ ನಂಬಿಕೆ. ಅದು ಬದುಕಿರುವುದು ನಮ್ಮ ಗಂಡಸರ ಕಥೆಗಳಲ್ಲಿ. ಮದುವೆ ಊಟಕ್ಕೆ ಕೂತಾಗ ಒಬ್ಬರಾದರೂ ಶುರು ಮಾಡುತ್ತಾರೆ: "ಎಂಟನೇ ಕ್ಲಾಸಲ್ಲಿ ಅವನ ಮೂಗಿಗೆ ಒಂದು ಬಿಟ್ಟೆ ಮಾರಾಯ್ರೆ, ಮತ್ತೆ ನನ್ನ ಕಂಡರೆ ದಾರಿ ಬಿಡ್ತಿದ್ದ." ತಿರುಗಿ ಹೊಡೆಯಲು ಹೋಗಿ ಇನ್ನೂ ಜಾಸ್ತಿ ತಿಂದವರೂ ಅದೇ ಪಂಕ್ತಿಯಲ್ಲಿ ಇರುತ್ತಾರೆ. ಅವರು ಬಾಯಿ ಬಿಡದೆ ಸಾರನ್ನ ಕಲಸುತ್ತಿರುತ್ತಾರೆ. ಗೆದ್ದವರ ಕಥೆ ಮಾತ್ರ ಕೇಳಿ ಮಗುವನ್ನು ಕಳಿಸಿದರೆ ಹೇಗೆ?

ನಾರ್ವೆಯಲ್ಲಿ ಕೆಲಸ ಮಾಡಿದ ಡಾನ್ ಓಲ್ವೇಯಸ್ 1970ರ ದಶಕದಿಂದ ಮಕ್ಕಳ ಈ ಕಾಟವನ್ನೇ ಅಧ್ಯಯನ ಮಾಡಿದವರು. ಬೇಕೆಂದೇ ಮಾಡುವುದು, ಮತ್ತೆ ಮತ್ತೆ ಮಾಡುವುದು, ತನಗಿಂತ ಬಲ ಕಡಿಮೆ ಇರುವವನಿಗೆ ಮಾಡುವುದು, ಇದೇ ಅದರ ಗುರುತು ಅಂದರು. ಆ ಕೊನೆಯದನ್ನು ಅಪ್ಪಂದಿರು ಮರೆಯುತ್ತಾರೆ. ಸಮಾನ ಬಲದವನಾಗಿದ್ದರೆ ನಿಮ್ಮ ಮಗನನ್ನು ಅವರು ಆರಿಸುತ್ತಲೇ ಇರಲಿಲ್ಲ. ಮೂರು ಜನ ಹತ್ತನೇ ಕ್ಲಾಸಿನವರ ಎದುರು ಏಳನೇ ಕ್ಲಾಸಿನ ಒಬ್ಬ ಏನಂತ ಬಾರಿಸುವುದು? ಬಾರಿಸಿದ ಅಂತಲೇ ಇಟ್ಟುಕೊಳ್ಳಿ. ಆರು ತಿಂಗಳ ಚಿವುಟುವಿಕೆ ಯಾರಿಗೂ ಕಂಡಿರುವುದಿಲ್ಲ, ಇವನ ಒಂದು ಏಟು ಇಡೀ ಬಸ್ಸಿಗೆ ಕಾಣುತ್ತದೆ. ಆಫೀಸಿಗೆ ಕರೆ ಬರುವುದು ನಿಮಗೇ.

ಮಳೆಗಾಲದಲ್ಲಿ ಹುಡುಗರದ್ದು ಒಂದು ಆಟ ಉಂಟು. ಚಿಕ್ಕವನ ಕೊಡೆ ಕಸಿದು, ಬಿಚ್ಚಿ, ಕಡ್ಡಿಗಳನ್ನು ಒಂದೊಂದಾಗಿ ಹಿಂದಕ್ಕೆ ಮಡಚುವುದು. ಮಡಚುವವನ ಮುಖ ನೋಡಿದ್ದೀರಾ? ಅವನ ಕಣ್ಣು ಕೊಡೆ ಮೇಲೂ ಇರುವುದಿಲ್ಲ, ಅಳುವವನ ಮೇಲೂ ಇರುವುದಿಲ್ಲ. ಯಾರು ಯಾರು ನಗುತ್ತಿದ್ದಾರೆ ಅಂತ ಸುತ್ತ ನೋಡುತ್ತಿರುತ್ತಾನೆ. ಅವನಿಗೆ ಬೇಕಾದ್ದು ಆ ನಗು. ನಿಮ್ಮ ಮಗ ಕೈ ಎತ್ತಿದರೆ ನೋಡುವವರಿಗೆ ಇನ್ನೂ ಮಜಾ, ಅಷ್ಟೇ. ಕೆನಡಾದ ಸಂಶೋಧಕರು ಶಾಲೆಯ ಆಟದ ಬಯಲಿನಲ್ಲಿ ಕ್ಯಾಮೆರಾ ಇಟ್ಟು ಇದನ್ನೇ ನೋಡಿದರು. 2001ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಜೊತೆಯ ಮಕ್ಕಳು ನಡುವೆ ಬಂದಾಗ ಶೇಕಡಾ 57 ಸಲ 10 ಸೆಕೆಂಡಿನೊಳಗೆ ಕಾಟ ನಿಂತಿತ್ತು. ಆದರೆ ಹಾಗೆ ನಡುವೆ ಬರುವ ಮಕ್ಕಳೇ ಕಡಿಮೆ.

ಹಾಗಾಗಿ ಮಗನ ಕೈ ಗಟ್ಟಿ ಮಾಡುವುದಕ್ಕಿಂತ ಪಕ್ಕದಲ್ಲಿ ಒಬ್ಬನನ್ನು ಕೂರಿಸಿ. ನಮ್ಮ ಕಡೆಯ ಖಾಸಗಿ ಬಸ್ಸಲ್ಲಿ ಒಂದು ಅನುಕೂಲ ಉಂಟು. ಬೆಳಗ್ಗಿನ ಆ ಟ್ರಿಪ್ಪಿಗೆ ಹೆಚ್ಚಾಗಿ ಅದೇ ಕಂಡಕ್ಟರ್. ಯಾವ ಮಗು ಎಲ್ಲಿ ಇಳಿಯುತ್ತದೆ ಅಂತ ಅವರಿಗೆ ಬಾಯಿಪಾಠ. ಒಂದು ದಿನ ನೀವೇ ಬಸ್ಸು ಹತ್ತಿ, "ಇವನನ್ನು ಮುಂದೆ ಕೂರಿಸಿ, ಸ್ವಲ್ಪ ನೋಡಿಕೊಳ್ಳಿ" ಅನ್ನಿ. ಶಾಲೆಗೆ ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ತಾರೀಕು ಹಾಕಿ ಪತ್ರ ಕೊಡಿ, ನಕಲು ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಶಾಲೆ ಕೇಳದಿದ್ದರೆ 1098 ಮಕ್ಕಳ ಸಹಾಯವಾಣಿ, ದುಡ್ಡಿಲ್ಲದೆ ಹಗಲು ರಾತ್ರಿ ಸಿಗುತ್ತದೆ.

ಇನ್ನು ಯಾರೂ ಕೇಳದ ಒಂದು ವಿಷಯ. ಕೇಳದಿದ್ದರೂ ಹೇಳುತ್ತೇನೆ. ಪತ್ರ ಕೊಟ್ಟ ಮೇಲೆ ತಂದೆತಾಯಿ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳುವುದುಂಟು: "ಟೀಚರೇ, ಆ ಹುಡುಗನಿಗೆ ನೀವೇ ಎರಡು ಬಿಡಿ." 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಪ್ರಕಾರ ಮಕ್ಕಳಿಗೆ ಹೊಡೆಯುವಂತಿಲ್ಲ, ಮಾನಸಿಕ ಹಿಂಸೆಯನ್ನೂ ಕೊಡುವಂತಿಲ್ಲ. ಕಾಯ್ದೆ ಬಿಡಿ. ನಾನು ಬೆತ್ತ ಹಿಡಿದರೆ ಆ ಹುಡುಗ ಏನು ಕಲಿಯುತ್ತಾನೆ? ದೊಡ್ಡವರು ಚಿಕ್ಕವರಿಗೆ ಹೊಡೆಯಬಹುದು ಅಂತಲೇ ಅಲ್ವಾ? ಅದು ಅವನಿಗೆ ಮೊದಲೇ ಗೊತ್ತುಂಟು. ಅವನ ಅಪ್ಪನಿಗೆ ನೀವು ಸಿಟ್ಟಿನಲ್ಲಿ ಫೋನ್ ಮಾಡಿದರೂ ಅದೇ ಕಥೆ. ರಾತ್ರಿ ಮನೆಯಲ್ಲಿ ಬೆಲ್ಟಿನ ಪೆಟ್ಟು ತಿಂದವನು ಬೆಳಿಗ್ಗೆ ಹತ್ತುವುದು ನಿಮ್ಮ ಮಗನಿರುವ ಬಸ್ಸನ್ನೇ. ಅವರ ಮನೆಯವರನ್ನು ಶಾಲೆಯೇ ಕರೆಸಲಿ, ಮಾತು ಹೆಡ್‌ಮಾಸ್ಟ್ರ ಎದುರೇ ಆಗಲಿ.