ರವದಿ ಸೇರಿಸಿದ ಹೊಲದಲ್ಲಿ ಕೂಳೆ ಕಬ್ಬು ಬಿಳಚಿಕೊಳ್ಳುವುದೇಕೆ?

ಕಬ್ಬು ಕಡಿದ ಮೇಲೆ ಉಳಿಯುವ ಒಣ ಎಲೆಗೆ, ಅಂದರೆ ರವದಿಗೆ, ಬೆಂಕಿ ಇಡಬೇಡಿ ಎನ್ನುವುದು ಸರಿಯಾದ ಮಾತೇ. ಆದರೆ ಅದನ್ನು ರೋಟವೇಟರ್ ಹೊಡೆದು ಮಣ್ಣಿಗೆ ಬೆರೆಸಿದ ಹೊಲದಲ್ಲಿ ಕೆಲವೇ ವಾರಗಳಲ್ಲಿ ಕೂಳೆ ಬೆಳೆ (ಕಡಿದ ಬುಡದಿಂದ ಮತ್ತೆ ಚಿಗುರುವ ಕಬ್ಬು) ಸೊರಗುವುದುಂಟು. ಕೆಳಗಿನ ಹಳೆಯ ಎಲೆಗಳು ತುದಿಯಿಂದ ಹಳದಿಯಾಗುತ್ತವೆ, ತೆಂಡೆ (ಬುಡದಿಂದ ಒಡೆಯುವ ಮರಿಗಳು) ಕಡಿಮೆಯಾಗುತ್ತದೆ. (ಸುಳಿಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಅದು ಕಬ್ಬಿಣದ ಕೊರತೆ, ಅದರ ಮದ್ದು ಬೇರೆ.)

ಬೇರಿಗೆ ಸಿಗಬೇಕಾದ ಸಾರಜನಕವನ್ನು ರವದಿ ಕೊಳೆಸುವ ಸೂಕ್ಷ್ಮಜೀವಿಗಳು ಮೊದಲೇ ಎಳೆದುಕೊಂಡಿರುತ್ತವೆ. ಅವುಗಳ ಮೈಯಲ್ಲಿ ಸುಮಾರು 8 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕ. ತಿಂದ ಇಂಗಾಲದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಉಸಿರಾಟಕ್ಕೇ ಹೋಗುವುದರಿಂದ ಅವಕ್ಕೆ ಒಗ್ಗುವ ಆಹಾರದಲ್ಲಿ ಇಂಗಾಲ-ಸಾರಜನಕದ ಅನುಪಾತ 24:1. ಹಸಿರೆಲೆ ಗೊಬ್ಬರಕ್ಕೆ ಬಳಸುವ ಗ್ಲಿರಿಸಿಡಿಯಾ ಸೊಪ್ಪಿನ ಅನುಪಾತ ಇದಕ್ಕಿಂತ ಕಡಿಮೆ. ಮಿಕ್ಕ ಸಾರಜನಕ ಮಣ್ಣಿಗೆ ಬರುತ್ತದೆ. ರವದಿಯದು 80:1ರಿಂದ 100:1. ಒಂದು ಟನ್ ಒಣ ರವದಿಯಲ್ಲಿ ಇಂಗಾಲ 400 ಕೆಜಿಗೂ ಹೆಚ್ಚು, ಸಾರಜನಕ ನಾಲ್ಕೈದು ಕೆಜಿ. 24:1ರ ಲೆಕ್ಕದಲ್ಲಿ ಬೇಕಾದ ಸಾರಜನಕ 17 ಕೆಜಿಯಷ್ಟು. ಕೊರತೆ ತುಂಬಿಸಿಕೊಳ್ಳಲು ಸೂಕ್ಷ್ಮಜೀವಿಗಳು ಬೇರು ಹೀರುವ ರೂಪದ ಸಾರಜನಕಕ್ಕೇ, ಅಂದರೆ ಮಣ್ಣಿನ ಅಮೋನಿಯಂ, ನೈಟ್ರೇಟ್‌ಗೇ ಕೈಹಾಕುತ್ತವೆ.

ಈ ಪೈಪೋಟಿಯಲ್ಲಿ ಬೇರು ಮೊದಲಿಗೆ ಸೋಲುತ್ತದೆ. ಅದು ತಾಗುವುದು ಮಣ್ಣಿನ ಸಣ್ಣ ಭಾಗವನ್ನು. ಜೇಡಿಗೆ ಅಂಟಿದ ಅಮೋನಿಯಂ ಬೇರಿನತ್ತ ಸರಿಯುವುದು ಬಲು ನಿಧಾನ. ಬ್ಯಾಕ್ಟೀರಿಯಾ ಮಾತ್ರ ಅದರ ಪಕ್ಕದಲ್ಲೇ ಇರುತ್ತವೆ. ಆದರೆ ಅವುಗಳ ಆಯುಸ್ಸು ಕಡಿಮೆ. ಪ್ರೋಟೊಜೋವಾ (ಏಕಕೋಶ ಜೀವಿಗಳು), ನೆಮಟೋಡ್‌ಗಳು (ಸೂಕ್ಷ್ಮ ದುಂಡುಹುಳುಗಳು) ಅವನ್ನು ತಿಂದು ತಮಗೆ ಹೆಚ್ಚಾದ ಸಾರಜನಕವನ್ನು ಅಮೋನಿಯಂ ಆಗಿ ಹೊರಹಾಕುತ್ತವೆ. ಪ್ರತಿ ಸುತ್ತಿನಲ್ಲೂ ಬೇರು ಒಂದಿಷ್ಟು ಹೀರಿಕೊಳ್ಳುತ್ತದೆ, ಹೀರಿದ್ದನ್ನು ಬಹುಕಾಲ ಬಿಟ್ಟುಕೊಡುವುದಿಲ್ಲ. ತಿಂಗಳುಗಳ ಲೆಕ್ಕದಲ್ಲಿ ಗಿಡದ್ದೇ ಮೇಲುಗೈ. ತೆಂಡೆ ಒಡೆಯುವ ಹಂತ ಅಷ್ಟು ದಿನ ಕಾಯುವುದಿಲ್ಲ, ತೊಂದರೆ ಅಲ್ಲಿರುವುದು.

ಆದ್ದರಿಂದ ರವದಿಯನ್ನು ಹೂಳುವ ಬದಲು ಸಾಲು ಬಿಟ್ಟು ಸಾಲಿನಲ್ಲಿ ಮಣ್ಣಿನ ಮೇಲೆಯೇ ಹೊದಿಸುವುದು ಮೇಲು. ಮಣ್ಣಿಗೆ ತಾಗುವುದು ಅಡಿಪದರ ಮಾತ್ರ, ಸಾರಜನಕದ ಸೆಳೆತವೂ ನಿಧಾನ. ಟನ್ ರವದಿಗೆ 8 ಕೆಜಿ ಯೂರಿಯಾ, 10 ಕೆಜಿ ಸಿಂಗಲ್ ಸೂಪರ್ ಫಾಸ್ಫೇಟ್ ಎರಚಿ ಕೂಡಲೇ ನೀರು ಹಾಯಿಸಬೇಕು. ತಡಮಾಡಿದರೆ ಯೂರಿಯಾ ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆ. ಇದು ಸೂಕ್ಷ್ಮಜೀವಿಗಳ ಪಾಲು. ಕಬ್ಬಿನ ಮೇಲುಗೊಬ್ಬರ ಬೇರೆ: ಅದನ್ನು ರವದಿ ಸರಿಸಿ, ಬುಡದ ಪಕ್ಕ ಮಣ್ಣಿಗೆ ಹಾಕಿ ಮುಚ್ಚಬೇಕು.

8 ಕೆಜಿ ಯೂರಿಯಾದಲ್ಲಿರುವ ಸಾರಜನಕ 3.7 ಕೆಜಿ. ಮೇಲಿನ ಕೊರತೆಗೆ ಇದೆಲ್ಲಿ ಸಾಕು ಎನಿಸಬಹುದು. ಆದರೆ ಸುಲಭವಾಗಿ ಕೊಳೆಯದ ಲಿಗ್ನಿನ್ ಎಂಬ ನಾರಿನಂಶ ತುಂಬಿದ ರವದಿ ಒಮ್ಮೆಲೇ ಕೊಳೆಯುವುದಿಲ್ಲ. ಮೊದಲ ತಲೆಮಾರಿನ ಸೂಕ್ಷ್ಮಜೀವಿಗಳು ಸತ್ತಾಗ ಅವುಗಳ ಸಾರಜನಕವೇ ಮುಂದಿನವಕ್ಕೆ ಒದಗುತ್ತದೆ.