‘ಬೆಳಕು ಗೆಲ್ಲುತ್ತಿದೆ’: ‘ಟ್ರೂ ಡಿಟೆಕ್ಟಿವ್’ ಮೊದಲ ಸರಣಿಯ ಕೊನೆಯ ಮಾತನ್ನು ಓದುವ ಬಗೆ

ಅಮೆರಿಕದ ಎಚ್‌ಬಿಒ ವಾಹಿನಿ 2014ರ ಜನವರಿ 12ರಿಂದ ಮಾರ್ಚ್ 9ರವರೆಗೆ ಪ್ರಸಾರ ಮಾಡಿದ ‘ಟ್ರೂ ಡಿಟೆಕ್ಟಿವ್’ ಮೊದಲ ಸರಣಿಯ ಎಂಟು ಕಂತುಗಳನ್ನು ನೋಡಿ ಮುಗಿಸಿದವರಿಗೆ ಒಂದು ಪ್ರಶ್ನೆ ಉಳಿದೇ ಉಳಿಯುತ್ತದೆ. ಮನುಷ್ಯನಿಗೆ ಪ್ರಜ್ಞೆ ಬಂದದ್ದೇ ಪ್ರಕೃತಿಯ ಎಡವಟ್ಟು, ಮಕ್ಕಳನ್ನು ಹೆರುವುದನ್ನು ನಿಲ್ಲಿಸಿ ಎಲ್ಲರೂ ಕೈ ಕೈ ಹಿಡಿದು ಅಳಿದುಹೋಗುವುದೇ ಮರ್ಯಾದೆಯ ದಾರಿ ಎಂದು ಮೊದಲ ಕಂತಿನಲ್ಲಿ ಕಾರಿನೊಳಗೆ ಕುಳಿತು ಹೇಳಿದ ಪತ್ತೇದಾರ ರಸ್ಟ್ ಕೋಲ್, ಕೊನೆಯ ಕಂತಿನ ಕೊನೆಯ ವಾಕ್ಯದಲ್ಲಿ ಬೆಳಕು ಗೆಲ್ಲುತ್ತಿದೆ ಎನ್ನುತ್ತಾನೆ. ಎಂಟು ಕಂತುಗಳ ಉದ್ದಕ್ಕೂ ದಟ್ಟವಾಗುತ್ತಲೇ ಬಂದ ಕತ್ತಲೆಗೆ ಒಂದು ವಾಕ್ಯದ ಬೆಳಕನ್ನು ತಂದಿಟ್ಟರೆ ಅದನ್ನು ನಂಬಬಹುದೇ? ಈ ಸರಣಿಯ ಬಗ್ಗೆ ಪರೀಕ್ಷೆಗೆ ಬರೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡ ಈ ಟಿಪ್ಪಣಿ ಆ ಒಂದು ವಾಕ್ಯವನ್ನು ಕುರಿತದ್ದು. ಕತೆಯ ಮುಕ್ತಾಯವನ್ನೇ ಬಿಡಿಸಿ ನೋಡುವುದರಿಂದ, ಸರಣಿಯನ್ನು ನೋಡದವರು ಮೊದಲು ನೋಡಿ ಆಮೇಲೆ ಇದನ್ನು ಓದುವುದು ಒಳ್ಳೆಯದು.

ಓದುವುದಕ್ಕೆ ನಮ್ಮ ಕೈಯಲ್ಲೇ ಎರಡು ಹಳೆಯ ಉಪಕರಣಗಳಿವೆ. ಯಕ್ಷಗಾನದ ಪ್ರಸಂಗದಲ್ಲಿ ಎಷ್ಟೇ ಘೋರವಾದದ್ದು ನಡೆದಿರಲಿ, ಬೆಳಗಿನ ಜಾವಕ್ಕೆ ಮಂಗಳ ಹಾಡಿಯೇ ಮುಗಿಸುತ್ತಾರೆ. ಆ ಮಂಗಳ ಕತೆಯೊಳಗಿಂದ ಹುಟ್ಟಿದ್ದಾಗಬೇಕಿಲ್ಲ, ಅದು ಸಭೆಯನ್ನು ಕ್ಷೇಮವಾಗಿ ಮನೆಗೆ ಕಳಿಸುವ ಕ್ರಮ. ನಾಟ್ಯಶಾಸ್ತ್ರ ನಾಟಕದ ಕತೆಗೆ ಹೇಳುವ ಐದು ಸಂಧಿಗಳಲ್ಲಿ, ಅಂದರೆ ಘಟ್ಟಗಳಲ್ಲಿ, ಕೊನೆಯದಾದ ನಿರ್ವಹಣ ಸಂಧಿ ಬೇರೆ ಬಗೆಯದು: ಮೊದಲನೆಯದಾದ ಮುಖಸಂಧಿಯಲ್ಲಿ ಬಿತ್ತಿದ ಬೀಜವೂ ನಡುವೆ ಅಲ್ಲಲ್ಲಿ ಚೆದುರಿದ ಅರ್ಥಗಳೂ ಒಂದೆಡೆ ಕೂಡಿಬರುವ ಘಟ್ಟ ಅದು. ಆದ್ದರಿಂದ ರಸ್ಟ್‌ನ ಕೊನೆಯ ಮಾತು ಮೇಲಿನಿಂದ ಹಾಡಿದ ಮಂಗಳವೋ, ಬೀಜದಿಂದ ಬೆಳೆದ ನಿರ್ವಹಣವೋ ಎಂದು ಕೇಳಿಕೊಳ್ಳಬೇಕು. ಅದು ನಿರ್ವಹಣವೇ ಎಂಬುದು ನನ್ನ ನಿಲುವು. ಆದರೆ ಅದು ಎತ್ತಿಹಿಡಿಯುವ ಭರವಸೆ ನಾವು ಒಮ್ಮೆಗೇ ಅಂದುಕೊಳ್ಳುವುದಕ್ಕಿಂತ ಬಹಳ ಚಿಕ್ಕದು, ಚಿಕ್ಕದಾದ್ದರಿಂದಲೇ ನಂಬತಕ್ಕದ್ದು.

ಕತೆಯನ್ನು ನೆನಪಿಗೆ ಬೇಕಾದಷ್ಟೇ ಹೇಳುತ್ತೇನೆ. 1995ರ ಜನವರಿ 3ರಂದು ಲೂಸಿಯಾನಾ ರಾಜ್ಯದ ಇರಾತ್ ಎಂಬ ಊರಿನ ಹೊರಗೆ, ಸುಟ್ಟ ಕಬ್ಬಿನ ಗದ್ದೆಯ ನಡುವಿನ ದೊಡ್ಡ ಮರದ ಬುಡದಲ್ಲಿ ಡೋರಾ ಲ್ಯಾಂಗ್ ಎಂಬ ಯುವತಿಯ ಶವ ಸಿಗುತ್ತದೆ. ಪ್ರಾರ್ಥನೆಗೆ ಮಂಡಿಯೂರಿದಂತೆ ಕೂರಿಸಿ, ತಲೆಗೆ ಜಿಂಕೆಯ ಕೊಂಬುಗಳ ಕಿರೀಟ ತೊಡಿಸಿರುತ್ತಾರೆ. ರಸ್ಟ್ ಕೋಲ್ ಮತ್ತು ಮಾರ್ಟಿ ಹಾರ್ಟ್ ಎಂಬ ಇಬ್ಬರು ಪೊಲೀಸ್ ಪತ್ತೇದಾರರು ಬೆನ್ನು ಹತ್ತುವ ಈ ಪ್ರಕರಣ 1995, 2002 ಮತ್ತು 2012ರ ಮೂರು ಕಾಲಗಳಲ್ಲಿ ಹರಡಿಕೊಳ್ಳುತ್ತದೆ. ಪಾತಕದ ಬೇರು ಟಟಲ್ ಎಂಬ ಪ್ರಭಾವಿ ಕುಟುಂಬದವರೆಗೆ ಇಳಿದಿರುತ್ತದೆ. ಅದರಲ್ಲಿ ಒಬ್ಬ ಧರ್ಮಬೋಧಕ, ಒಬ್ಬ ಸೆನೆಟರ್. ಕೊನೆಗೆ ಕೈಗೆ ಸಿಗುವವನು ಹುಲ್ಲು ಕತ್ತರಿಸುವ, ಗೋಡೆಗೆ ಬಣ್ಣ ಬಳಿಯುವ ಕೆಲಸದ ಎರಲ್ ಚೈಲ್ಡ್ರೆಸ್. ಎಂಟೂ ಕಂತುಗಳನ್ನು ಬರೆದವರು ಲೂಸಿಯಾನಾದಲ್ಲೇ ಹುಟ್ಟಿ ಬೆಳೆದ ನಿಕ್ ಪಿಜೊಲಾಟೊ, ಎಂಟನ್ನೂ ನಿರ್ದೇಶಿಸಿದವರು ಕ್ಯಾರಿ ಜೋಜಿ ಫುಕುನಾಗಾ. ಈ ಒಂದು ಸಂಗತಿ ನಮಗೆ ಮುಖ್ಯ, ಏಕೆಂದರೆ ಅಮೆರಿಕದ ಟಿವಿಯಲ್ಲಿ ಕಂತಿಗೊಬ್ಬ ಬರಹಗಾರ, ಕಂತಿಗೊಬ್ಬ ನಿರ್ದೇಶಕ ಎಂಬುದೇ ಹೆಚ್ಚಿನ ರೂಢಿ. ಇಲ್ಲಿ ಮೊದಲ ಕಂತಿನಲ್ಲಿ ಬಿತ್ತಿದ್ದನ್ನು ಎಂಟನೆಯ ಕಂತಿನಲ್ಲಿ ಕೊಯ್ಯುವ ಕೈಗಳು ಅವೇ ಆಗಿವೆ.

ಈಗ ಕೊನೆಯ ದೃಶ್ಯವನ್ನು ಹತ್ತಿರದಿಂದ ನೋಡೋಣ. ಹೊಟ್ಟೆಗೆ ಇರಿತವಾಗಿ ಪ್ರಜ್ಞೆ ತಪ್ಪಿ ಬದುಕಿ ಬಂದ ರಸ್ಟ್, ಆಸ್ಪತ್ರೆಯ ಗೌನಿನಲ್ಲಿ ಗಾಲಿಕುರ್ಚಿಯ ಮೇಲೆ ಕುಳಿತಿದ್ದಾನೆ. ಮಾರ್ಟಿ ಅವನನ್ನು ರಾತ್ರಿ ಕಟ್ಟಡದ ಹೊರಗೆ ತಳ್ಳಿಕೊಂಡು ಬಂದು, ರಿಬ್ಬನ್ ಕಟ್ಟಿದ ಒಂದು ಸಿಗರೇಟು ಪ್ಯಾಕನ್ನು ಉಡುಗೊರೆಯಾಗಿ ಕೊಡುತ್ತಾನೆ. ಪ್ರಜ್ಞೆ ತಪ್ಪಿದ್ದಾಗ ಕಂಡದ್ದನ್ನು ರಸ್ಟ್ ಆಗ ಹೇಳುತ್ತಾನೆ: ಕತ್ತಲೆಯ ಕೆಳಗೆ ಇನ್ನೊಂದು ಕತ್ತಲೆ ಇತ್ತು, ಅದು ಆಳವಾಗಿ ಬೆಚ್ಚಗಿತ್ತು, ಅಲ್ಲಿ ಸತ್ತ ಮಗಳು ತನಗಾಗಿ ಕಾಯುತ್ತಿದ್ದಳು, ಅಪ್ಪನೂ ಇದ್ದ ಹಾಗಿತ್ತು, ಕೈ ಬಿಟ್ಟರೆ ಸಾಕಿತ್ತು, ಬಿಟ್ಟೆ; ಆದರೆ ಎಚ್ಚರವಾಗಿಬಿಟ್ಟಿತು. ಇಷ್ಟು ಹೇಳಿ ಅವನು ಅಳುತ್ತಾನೆ. ಈ ಸರಣಿಯ ಬಗ್ಗೆ ಆತುರವಾಗಿ ಬರೆಯುವವರು ಇಲ್ಲೊಂದು ತಪ್ಪು ಮಾಡುತ್ತಾರೆ. ರಸ್ಟ್‌ಗೆ ಪ್ರೀತಿ ಸಿಕ್ಕಿದ್ದು ಬೆಳಕಿನಲ್ಲಲ್ಲ, ಕತ್ತಲೆಯಲ್ಲಿ. ‘ತಮಸೋ ಮಾ ಜ್ಯೋತಿರ್ಗಮಯ’ ಎಂದು ಬಾಲ್ಯದಿಂದ ಹೇಳಿಕೊಂಡು ಬಂದ ನಮ್ಮ ಕಿವಿಗೆ ಕತ್ತಲು ಎಂದರೆ ಅಜ್ಞಾನ, ಬೆಳಕು ಎಂದರೆ ಅರಿವು ಎಂಬ ಜೋಡಿ ಎಷ್ಟು ಅಭ್ಯಾಸವಾಗಿದೆ ಎಂದರೆ, ಆ ಅಭ್ಯಾಸವನ್ನೇ ಈ ದೃಶ್ಯದ ಮೇಲೆ ಹೊದಿಸಿಬಿಡುತ್ತೇವೆ. ದೃಶ್ಯ ಅದಕ್ಕೆ ಒಪ್ಪುವುದಿಲ್ಲ. ಬೆಚ್ಚಗಿನ ಕತ್ತಲೆಯನ್ನು ಬಿಟ್ಟು ಬರಬೇಕಾದ ದುಃಖದ ಮೇಲೆ ನಿಂತೇ ಅವನು ಬೆಳಕಿನ ಮಾತನ್ನಾಡುತ್ತಾನೆ.

ಅಳುತ್ತಿರುವ ಗೆಳೆಯನ ಮನಸ್ಸನ್ನು ಬೇರೆಡೆಗೆ ತಿರುಗಿಸಲು ಮಾರ್ಟಿ ಹಳೆಯದೊಂದನ್ನು ಕೆದಕುತ್ತಾನೆ: ಅಲಾಸ್ಕಾದಲ್ಲಿದ್ದಾಗ ನಕ್ಷತ್ರ ನೋಡಿ ಕತೆ ಕಟ್ಟುತ್ತಿದ್ದೆಯಲ್ಲ? ಇರುವುದು ಒಂದೇ ಕತೆ, ಎಲ್ಲಕ್ಕಿಂತ ಹಳೆಯದು, ಬೆಳಕಿಗೂ ಕತ್ತಲೆಗೂ ನಡೆಯುವ ಜಗಳ ಎಂದು ರಸ್ಟ್ ಉತ್ತರಿಸುತ್ತಾನೆ. ಮಾರ್ಟಿ ಮೇಲೆ ನೋಡಿ, ಕತ್ತಲೆಯ ಕೈಯಲ್ಲೇ ಹೆಚ್ಚು ಜಾಗ ಇರುವ ಹಾಗೆ ಕಾಣುತ್ತದೆ ಎನ್ನುತ್ತಾನೆ. ರಸ್ಟ್ ಅದನ್ನು ಒಪ್ಪಿಕೊಳ್ಳುತ್ತಾನೆ. ಆಮೇಲೆ ಆಸ್ಪತ್ರೆಯ ಸಹವಾಸ ಸಾಕು, ಕಾರಿನ ಹತ್ತಿರ ಕರೆದುಕೊಂಡು ಹೋಗು ಎಂದು ಕೇಳಿ, ಬಟ್ಟೆಬರೆ ತರಲೇ ಎಂದಾಗ ಅಲ್ಲಿ ಬಿಟ್ಟುಬಂದದ್ದು ಯಾವುದೂ ತನಗೆ ಬೇಡ ಎಂದು, ಗಾಲಿಕುರ್ಚಿಯಿಂದ ಎದ್ದು ಮಾರ್ಟಿಯ ಹೆಗಲಿಗೆ ಕೈ ಹಾಕಿ ನಡೆಯುತ್ತಾನೆ. ನಾಲ್ಕು ಹೆಜ್ಜೆ ಹೋದ ಮೇಲೆ, ಆಕಾಶದ ವಿಷಯದಲ್ಲಿ ನೀನು ನೋಡಿದ್ದು ಸರಿಯಿಲ್ಲ, ಒಂದು ಕಾಲಕ್ಕೆ ಬರೀ ಕತ್ತಲೆಯೇ ಇತ್ತು, ನನ್ನ ಕೇಳಿದರೆ ಬೆಳಕು ಗೆಲ್ಲುತ್ತಿದೆ ಎನ್ನುತ್ತಾನೆ.

ಈ ಮಾತನ್ನು ಕನ್ನಡಕ್ಕೆ ತಂದುಕೊಳ್ಳುವಾಗ ನಾನು ಮೊದಲು ‘ಬೆಳಕೇ ಗೆಲ್ಲುತ್ತಿದೆ’ ಎಂದು ಬರೆದುಕೊಂಡಿದ್ದೆ. ಆ ‘ಏ’ಕಾರ ತಪ್ಪು. ಬೆಳಕು, ಬೇರೆ ಯಾವುದೂ ಅಲ್ಲ ಎಂಬ ಅವಧಾರಣೆ ಅದರಿಂದ ಬಂದುಬಿಡುತ್ತದೆ. ರಸ್ಟ್ ಹಾಗೆ ಹೇಳಿಲ್ಲ. ‘ಗೆದ್ದಿತು’ ಎಂದೂ ಹೇಳಿಲ್ಲ, ‘ಗೆಲ್ಲುತ್ತದೆ’ ಎಂದು ಭವಿಷ್ಯವನ್ನೂ ನುಡಿದಿಲ್ಲ. ‘ನನ್ನ ಕೇಳಿದರೆ’ ಎಂಬ ಮುನ್ನುಡಿಯೊಂದಿಗೆ, ಇನ್ನೂ ಮುಗಿಯದ ಕ್ರಿಯೆಯಾಗಿ ‘ಗೆಲ್ಲುತ್ತಿದೆ’ ಎಂದಿದ್ದಾನೆ. ಸತ್ಯಗಳನ್ನು ತೀರ್ಪಿನಂತೆ ಒಪ್ಪಿಸುತ್ತಿದ್ದ ಮನುಷ್ಯ ಮೊದಲ ಸಲ ತನ್ನ ಅನಿಸಿಕೆಯನ್ನು ಅನಿಸಿಕೆಯಾಗಿಯೇ ಹೇಳುತ್ತಿದ್ದಾನೆ. ಕತ್ತಲೆಗೇ ಹೆಚ್ಚು ಜಾಗ ಎಂಬುದನ್ನು ಒಪ್ಪಿಕೊಂಡ ಮಾತನ್ನು ಅವನು ಹಿಂದಕ್ಕೆ ಪಡೆಯುವುದೂ ಇಲ್ಲ. ಮಾರ್ಟಿ ಈಗ ಎಷ್ಟಿದೆ ಎಂದು ಅಳೆದ, ರಸ್ಟ್ ಮೊದಲು ಎಷ್ಟಿತ್ತು ಎಂಬುದರಿಂದ ಅಳೆದ. ಎರಡು ಅಳತೆಗಳೂ ಏಕಕಾಲಕ್ಕೆ ನಿಜವಾಗಿರಬಲ್ಲವು. ಪರೀಕ್ಷೆಗೆ ಬರೆಯುವವರು ಕೊನೆಯ ವಾಕ್ಯವನ್ನು ಮಾತ್ರ ಉಲ್ಲೇಖಿಸಿ ಮುಗಿಸಬಾರದು ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಬೀಜಗಳು ಎಲ್ಲೆಲ್ಲಿ ಬಿದ್ದಿದ್ದವು ಎಂದು ಹುಡುಕಿದರೆ ಬಹಳ ಸಿಗುತ್ತವೆ. ಕೊನೆಯ ಕಂತಿನ ಹೆಸರೇ ಒಂದು ಸುಳಿವು: ‘ಫಾರ್ಮ್ ಅಂಡ್ ವಾಯ್ಡ್’, ಅಂದರೆ ರೂಪ ಮತ್ತು ಶೂನ್ಯ. ಬೈಬಲಿನ ಆದಿಕಾಂಡದ ಆರಂಭದಲ್ಲಿ ಭೂಮಿ ರೂಪವಿಲ್ಲದೆ ಬರಿದಾಗಿತ್ತು, ಜಲರಾಶಿಯ ಮೇಲೆ ಕತ್ತಲೆ ಕವಿದಿತ್ತು, ಅನಂತರ ಬೆಳಕಾಯಿತು ಎಂಬ ಕ್ರಮ ಬರುತ್ತದೆ. ‘ಒಂದು ಕಾಲಕ್ಕೆ ಬರೀ ಕತ್ತಲೆಯೇ ಇತ್ತು’ ಎಂಬ ಮಾತಿನ ಹಿಂದೆ ಇರುವುದು ಇದೇ ಕ್ರಮ. ದೇವರನ್ನು ನಂಬದ ರಸ್ಟ್ ಮೊದಲಿನಿಂದಲೂ ತನ್ನ ಬರಿದಾದ ಕೋಣೆಯ ಗೋಡೆಗೆ ಶಿಲುಬೆ ತೂಗುಹಾಕಿಕೊಂಡವನು. ಶಿಲುಬೆಗೇರಲು ಏಸು ತಾನೇ ಒಪ್ಪಿಕೊಂಡ ಆ ಗಳಿಗೆಯನ್ನು ಧ್ಯಾನಿಸುತ್ತೇನೆ ಎಂಬುದು ಅದಕ್ಕೆ ಅವನು ಕೊಡುವ ಕಾರಣ. ಹಾಗಾದರೆ ಬೆಳಿಗ್ಗೆ ಏಕೆ ಹಾಸಿಗೆ ಬಿಟ್ಟು ಏಳುತ್ತೀಯ ಎಂದು ಮಾರ್ಟಿ ಕೇಳಿದಾಗ, ಸಾಕ್ಷಿಯಾಗಿರಲು ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ, ನಿಜವಾದ ಉತ್ತರ ಬೇರೆ ಎನ್ನುತ್ತಾನೆ. ಆಗ ಸುಳ್ಳೆಂದು ತಾನೇ ತಳ್ಳಿಹಾಕಿದ ಆ ಸಾಕ್ಷಿತನ, 17 ವರ್ಷಗಳಲ್ಲಿ ಅವನು ನಿಜವಾಗಿಯೂ ಮಾಡಿದ ಏಕೈಕ ಕೆಲಸವಾಗುತ್ತದೆ. ತತ್ತ್ವ ನಿರಾಶೆಯದು, ನಡತೆ ನಿರಾಶೆಯದಲ್ಲ. ಮೊದಲಿನಿಂದ ಇದ್ದ ಈ ಬಿರುಕಿನೊಳಗಿಂದಲೇ ಕೊನೆಯ ವಾಕ್ಯ ಮೊಳೆತಿದೆ.

ಇದಕ್ಕಿಂತ ಸೂಕ್ಷ್ಮವಾದ ಬೀಜ ಮೂರನೆಯ ಕಂತಿನ ಕೊನೆಯಲ್ಲಿದೆ. ಮುಚ್ಚಿಹೋದ ಒಂದು ಶಾಲೆಯ ಅಂಗಳದಲ್ಲಿ ಯಂತ್ರ ಏರಿ ಹುಲ್ಲು ಕತ್ತರಿಸುತ್ತಿರುವವನನ್ನು ರಸ್ಟ್ ನಿಲ್ಲಿಸಿ ಮಾತನಾಡಿಸುತ್ತಾನೆ. ಅಷ್ಟರಲ್ಲಿ ಬೇರೊಂದು ಸುಳಿವು ಸಿಕ್ಕಿತೆಂದು ಮಾರ್ಟಿ ಕರೆಯುತ್ತಾನೆ, ಇಬ್ಬರೂ ಹೊರಟುಹೋಗುತ್ತಾರೆ. ಆ ಮನುಷ್ಯನೇ ಎರಲ್. ಮಕ್ಕಳು ನರಳಿದ, ಟಟಲ್ ಕುಟುಂಬದ ಧರ್ಮಸಂಸ್ಥೆ ನಡೆಸುತ್ತಿದ್ದ ಆ ಶಾಲೆಯ ಹೆಸರು ‘ಲೈಟ್ ಆಫ್ ದ ವೇ’, ದಾರಿಯ ಬೆಳಕು. ಬೆಳಕು ಎಂಬ ಶಬ್ದವನ್ನು ಈ ಕತೆಯಲ್ಲಿ ಮೊದಲು ಹಿಡಿದುಕೊಂಡವರು ಪಾತಕಿಗಳೇ. ಆದ್ದರಿಂದ ರಸ್ಟ್ ಕೊನೆಯಲ್ಲಿ ಅದೇ ಶಬ್ದವನ್ನು ಬಾಯಿಗೆ ತಂದುಕೊಂಡಾಗ ಅದು ಬರೀ ಸುಭಾಷಿತವಾಗಿ ಉಳಿಯುವುದಿಲ್ಲ. ಫಲಕಗಳ ಮೇಲೆ ಕೆಟ್ಟುಹೋಗಿದ್ದ ಶಬ್ದವೊಂದನ್ನು ಅದರಿಂದ ಗಾಯಗೊಂಡವನು ಮರಳಿ ಪಡೆದುಕೊಂಡಂತೆ ನನಗೆ ಕೇಳಿಸುತ್ತದೆ. ಆ ಮುಖವನ್ನು 1995ರಲ್ಲೇ ನೋಡಿದ್ದೆ, ಗುರುತಿಸಲಿಲ್ಲ ಎಂದು ಅವನು ಆಸ್ಪತ್ರೆಯಲ್ಲಿ ಕೊರಗುವುದನ್ನು ಇದರ ಪಕ್ಕದಲ್ಲಿಟ್ಟು ಓದಬೇಕು.

ಪಾತ್ರಗಳ ಅದಲುಬದಲನ್ನೂ ಗಮನಿಸಿ. ಮೊದಲ ಕಂತಿನಲ್ಲಿ ರಸ್ಟ್‌ನ ನಿರಾಶೆಯ ಮಾತು ಕೇಳಲಾರದೆ, ಇನ್ನು ಮುಂದೆ ಈ ಕಾರಿನೊಳಗೆ ಮೌನವಾಗಿರೋಣ ಎಂದವನು ಮಾರ್ಟಿ. ಸಂಸಾರ, ಚರ್ಚು, ನೆರೆಹೊರೆ ಎಲ್ಲವೂ ಅವನ ಪಾಲಿಗೆ ಗಟ್ಟಿಯಾಗಿದ್ದವು. ಕೊನೆಯಲ್ಲಿ ಕತ್ತಲೆಗೇ ಹೆಚ್ಚು ಜಾಗ ಎಂದು ಹೇಳುವವನು ಅವನೇ. ನಡುವೆ ಅವನು ಕಳೆದುಕೊಂಡದ್ದು ಏನೆಂಬುದನ್ನು ಸರಣಿ ಉಪದೇಶವಿಲ್ಲದೆ ಒಂದೇ ದೃಶ್ಯದಲ್ಲಿ ತೋರಿಸುತ್ತದೆ. ತಾನೇ ಕೆಡಿಸಿಕೊಂಡ ಸಂಸಾರದ ಮೂವರು, ವಿಚ್ಛೇದಿತ ಹೆಂಡತಿ ಮ್ಯಾಗಿ ಮತ್ತು ಇಬ್ಬರು ಹೆಣ್ಣುಮಕ್ಕಳು, ಆಸ್ಪತ್ರೆಯ ಹಾಸಿಗೆಯ ಸುತ್ತ ನಿಂತು ಹೇಗಿದ್ದೀಯ ಎಂದು ಕೇಳಿದಾಗ ಅವನು ಚೆನ್ನಾಗಿದ್ದೇನೆ ಎನ್ನುತ್ತಾನೆ, ಮತ್ತೆ ಅದನ್ನೇ ಹೇಳುತ್ತಾನೆ, ಹೇಳುತ್ತ ಹೇಳುತ್ತ ಮುಖ ಮುರಿದು ಅಳು ಬರುತ್ತದೆ. ವುಡಿ ಹ್ಯಾರೆಲ್‌ಸನ್ ಅಭಿನಯದಲ್ಲಿ ಇದಕ್ಕಿಂತ ಎತ್ತರದ ಗಳಿಗೆ ಈ ಸರಣಿಯಲ್ಲಿ ಇನ್ನೊಂದಿಲ್ಲ ಎಂದೇ ನನ್ನ ಭಾವನೆ. ಮ್ಯಾಥ್ಯೂ ಮೆಕಾನಹೇ ಅವರ ರಸ್ಟ್‌ನ ಮಾತುಗಳೇ ಎಲ್ಲರ ನೆನಪಿನಲ್ಲಿ ಉಳಿದಿರುವುದರಿಂದ ಈ ದೃಶ್ಯ ಚರ್ಚೆಯಲ್ಲಿ ಹಿಂದೆ ಬೀಳುತ್ತದೆ, ಬೀಳಬಾರದು. ಭರವಸೆಯನ್ನು ಇವರಿಬ್ಬರೂ ಬೇರೆಬೇರೆಯಾಗಿ ಹೊತ್ತಿಲ್ಲ, ಒಬ್ಬನ ಹೆಗಲ ಮೇಲೆ ಇನ್ನೊಬ್ಬನ ಕೈಯಾಗಿ ಹೊತ್ತಿದ್ದಾರೆ.

ಇನ್ನು ಆಕ್ಷೇಪಗಳು. ನಿರಾಶಾವಾದವನ್ನು ಕೊನೆಯ ಗಳಿಗೆಯಲ್ಲಿ ಕೈಬಿಟ್ಟರು ಎಂಬುದಕ್ಕೆ ಉತ್ತರ ಮೇಲೆಯೇ ಬಂದಿದೆ. ದೊಡ್ಡವರು ತಪ್ಪಿಸಿಕೊಂಡರಲ್ಲ ಎಂಬ ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಎರಲ್ ಸತ್ತ ಮೇಲೆ ಟಿವಿ ಸುದ್ದಿಯಲ್ಲಿ, ಸೆನೆಟರ್ ಎಡ್ವಿನ್ ಟಟಲ್ ಕುಟುಂಬದೊಂದಿಗೆ ಅವನಿಗೆ ಸಂಬಂಧವಿದೆ ಎಂಬುದನ್ನು ಅಧಿಕಾರಿಗಳು ಅಲ್ಲಗಳೆದರೆಂಬ ವರದಿ ಬರುತ್ತದೆ. ಎಲ್ಲರನ್ನೂ ಹಿಡಿಯಲಾಗಲಿಲ್ಲ ಎಂದು ರಸ್ಟ್ ನೊಂದುಕೊಂಡಾಗ, ಎಲ್ಲರನ್ನೂ ಹಿಡಿಯುವುದಿಲ್ಲ, ಈ ಲೋಕ ಅಂಥದಲ್ಲ, ನಮ್ಮ ಪಾಲಿನವನನ್ನು ಹಿಡಿದೆವು ಎಂದು ಮಾರ್ಟಿ ಹೇಳುತ್ತಾನೆ. ಇದನ್ನು ಕತೆಯ ಸೋಲು ಎನ್ನುವವರಿಗೆ ನನ್ನ ಪ್ರಶ್ನೆ ಒಂದೇ: ಸೆನೆಟರನ ಕೈಗೂ ಕೋಳ ಬಿದ್ದಿದ್ದರೆ ‘ಗೆಲ್ಲುತ್ತಿದೆ’ ಎಂಬ ಮಾತಿಗೆ ಬೆಲೆ ಇರುತ್ತಿತ್ತೇ? ಗೆದ್ದಾದ ಮೇಲೆ ಭರವಸೆಯ ಅಗತ್ಯವೇ ಇರುವುದಿಲ್ಲ.

ಮೂರನೆಯ ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಡೋರಾ ಲ್ಯಾಂಗ್, ವಿಡಿಯೊ ಟೇಪಿನಲ್ಲಿ ಮಾತ್ರ ಉಳಿದ ಮೇರಿ ಫಾಂಟೆನೊ ಎಂಬ ಪುಟ್ಟ ಹುಡುಗಿ, ಹೆಸರೂ ಸಿಗದ ಇನ್ನೆಷ್ಟೋ ಮಂದಿ. ಇವರೆಲ್ಲರ ಸಾವಿನ ಕತೆಯಲ್ಲಿ ಕೊನೆಯ ನೆಮ್ಮದಿ ಇಬ್ಬರು ಗಂಡಸರಿಗೆ ಸಿಗುತ್ತದೆ. ನಕ್ಷತ್ರಗಳ ಮಾತು ಆ ಹುಡುಗಿಯರನ್ನು ಮುಟ್ಟುವುದಿಲ್ಲ. ಆದರೂ ಕೊನೆಯ ಕಂತಿನಲ್ಲಿ ಕ್ಯಾಮೆರಾ ಜನರಿಲ್ಲದ ಹಳೆಯ ಜಾಗಗಳನ್ನು ಮತ್ತೆ ಹಾದು ಡೋರಾ ಸಿಕ್ಕಿದ ಮರದ ಬಳಿ ಬರುತ್ತದೆ. ಆ ಬರಿದಾದ ಹೊಲವನ್ನು ನಮಗೆ ಮತ್ತೊಮ್ಮೆ ತೋರಿಸದೆ ಬೆಳಕಿನ ಮಾತನ್ನು ಆಡಗೊಡಲಿಲ್ಲ ಎಂಬುದನ್ನು ನಿರ್ದೇಶಕರ ಪ್ರಾಮಾಣಿಕತೆ ಎಂದು ನಾನು ಎಣಿಸುತ್ತೇನೆ. ಅಷ್ಟು ಸಾಲದು ಎನ್ನುವವರ ಮಾತನ್ನೂ ನಾನು ಒಪ್ಪುತ್ತೇನೆ.

ಖಗೋಳ ಓದಿಕೊಂಡವರು ಕೇಳಬಹುದಾದ ಒಂದು ಪ್ರಶ್ನೆ ಉಳಿಯಿತು. ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷ. ಆದಿಯ ಪ್ರಖರತೆ ಆರಿದ ಮೇಲೆ ನಕ್ಷತ್ರಗಳೇ ಇಲ್ಲದ ಕತ್ತಲ ಯುಗವೊಂದು ಇತ್ತೆಂಬುದು ನಿಜ. ಆದರೆ ಹೊಸ ನಕ್ಷತ್ರಗಳ ಹುಟ್ಟು ತನ್ನ ಶಿಖರವನ್ನು ಮುಟ್ಟಿದ್ದು ಸುಮಾರು 1000 ಕೋಟಿ ವರ್ಷಗಳ ಹಿಂದೆ, ಅಲ್ಲಿಂದೀಚೆಗೆ ಅದು ಇಳಿಯುತ್ತಲೇ ಇದೆ. ವಿಜ್ಞಾನದ ಲೆಕ್ಕದಲ್ಲಿ ರಸ್ಟ್‌ನ ಮಾತು ನಿಲ್ಲುವುದಿಲ್ಲ. ಅವನು ಲೆಕ್ಕ ಹೇಳುತ್ತಲೂ ಇಲ್ಲ, ಕತೆ ಹೇಳುತ್ತಿದ್ದಾನೆ. ಧರ್ಮಗಳು ಹೇಳುವ ಕತೆಗಳನ್ನು ಮೆದುಳಿಗೆ ಹತ್ತಿದ ರೋಗ ಎಂದು ಜರೆದವನು, ಈಗ ಅತಿ ಹಳೆಯ ಕತೆಯೊಂದನ್ನು ಕತೆ ಎಂದು ತಿಳಿದೇ ಗೆಳೆಯನಿಗೆ ಹೇಳುತ್ತಾನೆ.

ಬರೆಯುವ ಮುನ್ನ ಆ ಕೊನೆಯ ನಿಮಿಷಗಳನ್ನು ಒಮ್ಮೆ ಧ್ವನಿ ಇಲ್ಲದೆ ನೋಡಿ. ಗಾಯಗೊಂಡ ಇಬ್ಬರು ಆತುಕೊಂಡು, ಖಾಲಿ ಗಾಲಿಕುರ್ಚಿಯನ್ನು ಹಿಂದೆ ಬಿಟ್ಟು, ಆಸ್ಪತ್ರೆಯ ಅಂಗಳದಲ್ಲಿ ನಿಧಾನವಾಗಿ ಕಾರಿನ ಕಡೆಗೆ ನಡೆಯುತ್ತಾರೆ. ಕ್ಯಾಮೆರಾ ಅವರನ್ನು ಬಿಟ್ಟು ಮೇಲೇರುತ್ತದೆ. ಪರದೆಯ ಬಹುಪಾಲು ಕಪ್ಪಾಗಿಯೇ ಇರುತ್ತದೆ, ನಡುನಡುವೆ ನಕ್ಷತ್ರಗಳಿರುತ್ತವೆ.